ಹೊಳೆಯಾಚೆಯ ದಿನಗಳು

ಶರಾವತಿ ಹಿನ್ನೀರಿನ ಊರುಗಳಲ್ಲಿ ಮಳೆಗಾಲವನ್ನು ಅಡಿಗಳಲ್ಲಿ ಎಣಿಸುತ್ತಾರೆ. ಜೂನ್ ಕಳೆದು ಜುಲೈ ಹಿಡಿಯಿತೆಂದರೆ ಪೇಪರ್ ಬಂದ ಕೂಡಲೇ ಕಣ್ಣು ಹೋಗುವುದು ಲಿಂಗನಮಕ್ಕಿಯ ಮಟ್ಟದ ಕಡೆಗೆ. ಡ್ಯಾಂ ಭರ್ತಿಯಾಗಬೇಕಾದರೆ 1819 ಅಡಿ ಮುಟ್ಟಬೇಕು. ಫೋನಿನಲ್ಲಿ ಅಕ್ಕನನ್ನು "ಮಳೆ ಹೇಗಿದೆಯೇ?" ಎಂದು ಕೇಳಿದರೆ ಅವಳು ಹೇಳುವುದೂ ಅಡಿಯ ಲೆಕ್ಕವನ್ನೇ. "ನಿನ್ನೆಗಿಂತ ಒಂದೂವರೆ ಅಡಿ ಜಾಸ್ತಿ. ಕೆಳಗಿನ ಬೇಲಿವರೆಗೆ ಬಂದಿದೆ." ಮುಂದಿನ ಬೇಸಿಗೆಯಲ್ಲಿ ಹೊಳೆ ದಾಟಿಸುವ ಲಾಂಚ್ ಎಷ್ಟು ದಿನ ಸರಿಯಾಗಿ ಓಡೀತು, ರಜೆಗೆ ಹೋದಾಗ ಮನೆಯಿಂದ ನೀರಿನವರೆಗೆ ಎಷ್ಟು ನಡೆಯಬೇಕಾದೀತು ಎನ್ನುವುದೆಲ್ಲ ಆ ಒಂದು ಮಾತಿನಿಂದ ನನಗೆ ಅಂದಾಜಾಗುತ್ತಿತ್ತು.

ನಾನು ದಾವಣಗೆರೆಯವಳು. ನಮ್ಮ ಕಡೆ ನೀರೆಂದರೆ ಭದ್ರಾ ನಾಲೆ, ಹೆಚ್ಚೆಂದರೆ ಚನ್ನಗಿರಿ ಬಳಿಯ ಸೂಳೆಕೆರೆ. ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕನನ್ನು ಸಾಗರ ತಾಲ್ಲೂಕಿನ ಕರೂರು ಹೋಬಳಿಗೆ ಕೊಟ್ಟರು. ಮಾತುಕತೆ ನಡೆಯುವಾಗ ಅಪ್ಪ ಹಿಂದೆಮುಂದೆ ನೋಡಿದ್ದು ಒಂದೇ ಕಾರಣಕ್ಕೆ. "ಹೊಳೆ ದಾಟಿಸಿ ಹೆಣ್ಣು ಕೊಟ್ಟರೆ ಕಷ್ಟಸುಖಕ್ಕೆ ಹೋಗಿಬರೋದು ಹೆಂಗೆ?" ಎಂದು ಅಮ್ಮನ ಹತ್ತಿರ ರಾತ್ರಿಯೆಲ್ಲ ಹೇಳಿಕೊಂಡರು. ಕೊನೆಗೆ ತಾವೇ ಒಬ್ಬರೇ ಹೋಗಿ ನೋಡಿಕೊಂಡು ಬಂದರು. ಬಂದವರು ಕೈಕಾಲು ತೊಳೆದು ಕೂತು ಹೇಳಿದ್ದಿಷ್ಟು: "ಜನ ಒಳ್ಳೇರು. ನೀರು ಭಾಳ ಐತಿ." ಅದರ ಮೇಲೆ ಮದುವೆ ನಿಶ್ಚಯವಾಯಿತು. ನನ್ನ ರಜೆಗಳೆಲ್ಲ ಅಂದಿನಿಂದ ಹೊಳೆಯಾಚೆ ಕಳೆದವು.

ಸಾಗರದಿಂದ ಆವಿನಹಳ್ಳಿ ದಾಟಿ, ಕಾಡು ಮತ್ತು ಅಡಿಕೆ ತೋಟಗಳ ನಡುವೆ ಬಸ್ಸು ಇಳಿಯುತ್ತಾ ಹೋಗಿ ಹೊಳೆಬಾಗಿಲಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಗೆ ರಸ್ತೆ ಮುಗಿಯಿತು. ಎದುರಿಗೆ ನೀರು, ನೀರಿನಾಚೆ ಕಳಸವಳ್ಳಿಯ ದಡ, ಅದರ ಹಿಂದೆ ಒಂದರ ಮೇಲೊಂದು ಗುಡ್ಡಸಾಲು. ಲಾಂಚ್ ಆಚೆ ದಡದಲ್ಲಿದ್ದರೆ ಅದು ತುಂಬಿಕೊಂಡು ಬರುವ ತನಕ ಕಾಯಬೇಕು. ಬಂದು ದಡಕ್ಕೆ ತಾಗಿ ಕಬ್ಬಿಣದ ಹಲಗೆ ಕೆಳಗಿಳಿಸಿದ ಕೂಡಲೇ ಮೊದಲು ಜನ ಇಳಿಯುತ್ತಿದ್ದರು, ಆಮೇಲೆ ಬೈಕು, ಜೀಪು, ಕಾರು. ಈಚೆಯಿಂದ ಹತ್ತುವಾಗ ಬಸ್ಸೂ ಲಾಂಚ್ ಮೇಲೆ ಬರುತ್ತಿತ್ತು. ಬಸ್ಸಿನಿಂದ ಇಳಿದು ಅದೇ ಬಸ್ಸಿನ ಪಕ್ಕದಲ್ಲಿ ನಿಂತು ಹೊಳೆ ದಾಟುವುದು ಮೊದಮೊದಲು ನನಗೆ ದೊಡ್ಡ ಸಂಭ್ರಮ. ಸುತ್ತ ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರು, ಪಶು ಆಹಾರದ ಚೀಲ, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತು ಹೊರಟ ಬಯಲುಸೀಮೆಯ ಕುಟುಂಬಗಳು, ಕಾಲೇಜು ಮುಗಿಸಿ ಮನೆಗೆ ಮರಳುವ ಹುಡುಗಿಯರು. ನಡುಹೊಳೆಗೆ ಬಂದಾಗ ಗಾಳಿ ಬದಲಾಗುತ್ತಿತ್ತು. ದಡದ ಧಗೆ ಹೋಗಿ ನೀರಿನ ತಂಪು ಮುಖಕ್ಕೆ ಬಡಿಯುತ್ತಿತ್ತು. ಬೆಂಗಳೂರಿನ ನೌಕರಿಯ ಭಾರ ಹೆಗಲಿಂದ ಇಳಿಯುವುದು ನನಗೆ ಯಾವಾಗಲೂ ಆ ಜಾಗದಲ್ಲೇ.

ಅಕ್ಕನ ಮನೆ ತುಮರಿಯಿಂದ ಒಳಗೆ. ಅಂಗಳದಲ್ಲಿ ಅಡಿಕೆ ಚಪ್ಪರ, ಹಿಂದೆ ಕೊಟ್ಟಿಗೆ, ಕೆಳಗೆ ತೋಟ, ತೋಟದ ಕೆಳಗೆ ನೀರು. ಅಲ್ಲಿ ಮಾಡುವುದಕ್ಕೆ ಕೆಲಸವೆಂದು ನನಗೇನೂ ಇರಲಿಲ್ಲ. ಬೆಳಗ್ಗೆ ಎದ್ದು ಬಚ್ಚಲೊಲೆಗೆ ನಾಲ್ಕು ಕಟ್ಟಿಗೆ ತುಂಬಿದರೆ ಮುಗಿಯಿತು. ನೀರುದೋಸೆ ತಿಂದು ದಡಕ್ಕೆ ಹೋಗಿ ಕೂರುತ್ತಿದ್ದೆ. ಒಣಗಿದ ಮರದ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ, ಕಳಲೆ ಪಲ್ಯ, ಮಳೆಗಾಲವಾದರೆ ಕೆಸುವಿನೆಲೆಯ ಪತ್ರೊಡೆ, ಯಾವುದಾದರೊಂದು ಸೊಪ್ಪಿನ ತಂಬುಳಿ. ಊಟವಾದ ಮೇಲೆ ಜಗಲಿಯ ತಣ್ಣನೆಯ ನೆಲದಲ್ಲಿ ಚಾಪೆ ಹಾಸಿ ಮಲಗಿದರೆ ನಿದ್ದೆ ತಾನಾಗಿ ಬರುತ್ತಿತ್ತು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಫೋನ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಿತ್ತು. ವಿಶ್ರಾಂತಿಗೆಂದು ದುಡ್ಡು ಕೊಟ್ಟು ಹೋದ ಜಾಗಗಳೂ ಆಮೇಲೆ ನನ್ನ ಜೀವನದಲ್ಲಿ ಬಂದವು. ಆಲಪ್ಪುಳದ ದೋಣಿಮನೆಯಲ್ಲಿ ಮಲಗಿದ್ದೇನೆ, ಊಟಿಯ ಕೆರೆಯ ಸುತ್ತ ನಡೆದಿದ್ದೇನೆ, ಎರಡೂ ಕಡೆ ಖುಷಿಯಾಗಿಯೇ ಇದ್ದೆ. ಆದರೆ ಅಕ್ಕನ ಮನೆಯ ಜಗಲಿಯಲ್ಲಿ ಬಂದ ನಿದ್ದೆ ಅಲ್ಲಿ ಬರಲಿಲ್ಲ.

ಹಿನ್ನೀರಿಗೆ ಎರಡು ರೂಪ. ದಸರಾ ಹೊತ್ತಿಗೆ ಹೋದರೆ ನೀರು ಕಾಡಿನ ಬುಡದವರೆಗೆ ಹತ್ತಿರುತ್ತದೆ. ಮರದ ಕೊಂಬೆಗಳು ನೀರಿಗೆ ತಾಗುತ್ತವೆ, ಗುಡ್ಡದ ತುದಿಗಳೆಲ್ಲ ನಡುಗಡ್ಡೆಗಳಾಗಿರುತ್ತವೆ, ಎಲ್ಲಿ ನೋಡಿದರೂ ಹಸಿರು ಮತ್ತು ನೀಲಿ. ಪೋಸ್ಟರುಗಳಲ್ಲಿ ಬರುವುದು ಈ ರೂಪ. ಏಪ್ರಿಲ್–ಮೇನಲ್ಲಿ ಹೋದರೆ ನೀರು ಇಳಿದು ಕೆಂಪು ಮಣ್ಣಿನ ದಡ ಮೆಟ್ಟಿಲು ಮೆಟ್ಟಿಲಾಗಿ ಹೊರಬಿದ್ದಿರುತ್ತದೆ. ಬೊಡ್ಡೆಗಳು ಬುಡದವರೆಗೆ ಕಾಣುತ್ತವೆ, ನೀರು ಬಿಟ್ಟ ಜಾಗದಲ್ಲಿ ಎಳೆಹುಲ್ಲು ಚಿಗುರಿ ದನಗಳು ಮೇಯುತ್ತಿರುತ್ತವೆ. ಬಂದವರಲ್ಲಿ ಹಲವರು ಈ ರೂಪ ನೋಡಿ ಮುಖ ಸಣ್ಣ ಮಾಡುತ್ತಾರೆ. ನನಗೆ ಇದೇ ಹೆಚ್ಚು ಇಷ್ಟ. ಹಿನ್ನೀರು ಮಾತಾಡುವುದು ಬೇಸಿಗೆಯಲ್ಲಿ. ಇಳಿದ ನೀರಿನಿಂದ ಹಳೆಯ ರಸ್ತೆಯ ತುಂಡು ಮೇಲೆ ಬರುತ್ತದೆ. ಬಾವಿಯ ಕಟ್ಟೆ, ಮನೆಯ ಅಡಿಪಾಯದ ಕಲ್ಲು, ಯಾರದೋ ಅಂಗಳದಲ್ಲಿದ್ದ ಒರಳು ಕಾಣಿಸಿಕೊಳ್ಳುತ್ತವೆ.

ಇದನ್ನು ನನಗೆ ತೋರಿಸಿದವರು ಅಕ್ಕನ ಅತ್ತೆ. ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಅವರಿಗೆ ಹತ್ತೋ ಹನ್ನೊಂದೋ ವಯಸ್ಸು. ಅವರು ಹುಟ್ಟಿದ ಊರು ಈಗ ನೀರಿನಡಿ ಇದೆ. ಒಂದು ಸಂಜೆ ದಡದಲ್ಲಿ ನಾನು "ಎಷ್ಟು ಶಾಂತವಾಗಿದೆ ಅತ್ತೆ" ಎಂದೆ. ಅವರು ಬೇಸರವನ್ನೇನೂ ತೋರಲಿಲ್ಲ. ಕೈಯೆತ್ತಿ ತೋರಿಸುತ್ತಾ ಹೋದರು. "ಆ ಬೊಡ್ಡೆ ಉಂಟಲ್ಲ, ಅದು ಅಪ್ಪೆಮಿಡಿ ಮರ. ಹೊಳೆಸಾಲಿನ ಅಪ್ಪೆ, ವರ್ಷಗಟ್ಟಲೆ ಇಟ್ಟರೂ ಹಾಳಾಗ್ತಿರಲಿಲ್ಲ. ಅದರಿಂದ ಆಚೆ ನಮ್ಮ ಗದ್ದೆ. ಗದ್ದೆ ದಾಟಿದರೆ ಶಾಲೆ. ಶಾಲೆ ಹಿಂದೆ ಭೂತನ ಕಟ್ಟೆ." ನಾನು ನೋಡುತ್ತಿದ್ದದ್ದು ಬರೀ ನೀರು. ಅವರು ಒಂದು ಊರನ್ನೇ ನೋಡುತ್ತಿದ್ದರು.

ಆಮೇಲೆ ಬಿಡಿಬಿಡಿಯಾಗಿ, ಅಡಿಕೆ ಸುಲಿಯುವಾಗ, ಹೂ ಕಟ್ಟುವಾಗ, ಉಳಿದದ್ದನ್ನೂ ಹೇಳಿದರು. ನೀರು ಬರುತ್ತದೆಂದು ಗೊತ್ತಿದ್ದರೂ ಕೊನೆಯ ವರ್ಷವೂ ಗದ್ದೆ ನಟ್ಟಿ ಮಾಡಿದ್ದರಂತೆ. ಫಲ ಹಿಡಿದ ತೋಟ ಬಿಟ್ಟು ಏಳುವಾಗ ಅವರ ಅಜ್ಜ ಒಂದೊಂದು ಮರವನ್ನೂ ಮುಟ್ಟಿ ಬಂದರಂತೆ. ಲಾರಿ ಬಂತು. ಬಾಗಿಲು, ಕಿಟಕಿ, ಹಂಚು, ಕಲಗಚ್ಚಿನ ಬಾನಿ, ದೇವರ ಪೆಟ್ಟಿಗೆ ಎಲ್ಲ ಹೇರಿದರು. ನಾಯಿ ಲಾರಿ ಹತ್ತಲು ಒಪ್ಪಲಿಲ್ಲ. ಹಲವರನ್ನು ಶಿವಮೊಗ್ಗದ ಕಡೆಯ ಕಾಡಂಚಿಗೆ ಕಳಿಸಿದರು, ಕೆಲವರು ನೀರು ಮುಟ್ಟದ ಎತ್ತರಕ್ಕೆ ಸರಿದು ಇಲ್ಲೇ ಉಳಿದರು. ಉಳಿದವರಿಗೆ ಸುತ್ತ ನೀರು ಆವರಿಸಿತು. ಹೋದವರಲ್ಲಿ ಎಷ್ಟೋ ಜನರಿಗೆ, ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ಬಗೆಹರಿದಿಲ್ಲ. ಈ ನೀರಿನಿಂದ ಆದ ವಿದ್ಯುತ್ ದಶಕಗಳ ಕಾಲ ರಾಜ್ಯದ ದೀಪ ಬೆಳಗಿಸಿತು, ಕಾರ್ಖಾನೆ ಓಡಿಸಿತು. ದಾವಣಗೆರೆಯ ನಮ್ಮ ಮನೆಯ ಬಲ್ಬಿನಲ್ಲೂ ಅದರ ಪಾಲಿತ್ತು. ಅತ್ತೆಯ ಮನೆಯಲ್ಲಿ ಮಾತ್ರ ಆಗೆಲ್ಲ ಸೀಮೆಎಣ್ಣೆ ಬುಡ್ಡಿ.

ಇಷ್ಟು ಕೇಳಿದ ಮೇಲೆ ಆ ದಡದಲ್ಲಿ ಕೂರುವ ಸುಖ ಹೋಯಿತೇ ಎಂದು ಕೆಲವು ಗೆಳತಿಯರು ಕೇಳಿದ್ದಾರೆ. ಹೋಗಲಿಲ್ಲ. ಅದು ಬೇರೆಯಾಯಿತು. ಅತ್ತೆ ಹೇಳುವ ಮುಂಚೆ ನಾನು ಆ ನೀರಿನ ಅತಿಥಿ, ಹೇಳಿದ ಮೇಲೆ ಆ ನೀರಿಗೂ ನನಗೂ ನೆಂಟಸ್ತನ. ಆಮೇಲೆ ಯಾವ ಜಲಾಶಯದ ದಡದಲ್ಲಿ ನಿಂತರೂ ಮೊದಲು ಕೇಳುವುದು ಇದನ್ನೇ: ಇಲ್ಲಿ ಯಾವ ಊರಿತ್ತು?

ಮಡೆನೂರು ಡ್ಯಾಮಿಗೆ ಹೋದದ್ದು ಒಂದು ಮೇ ತಿಂಗಳಲ್ಲಿ. ಆ ವರ್ಷ ನೀರು ಬಹಳ ಇಳಿದಿತ್ತು. ಭಾವ, ಅಕ್ಕ, ನಾನು, ಮಕ್ಕಳು ಬುತ್ತಿ ಕಟ್ಟಿಕೊಂಡು ಹೊರಟೆವು. ಲಿಂಗನಮಕ್ಕಿಗೂ ಮುಂಚೆ ಶರಾವತಿಗೆ ಅಡ್ಡ ಕಟ್ಟಿದ ಅಣೆ ಇದು, ಕಾಗದಪತ್ರದಲ್ಲಿ ಹಿರೇಭಾಸ್ಕರ. ಜೋಗದ ಮೊದಲ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲೂ ನೀರು ಒದಗಿಸಲೆಂದು ಕಟ್ಟಿದ್ದು. ಆ ವಿದ್ಯುದಾಗಾರ 1948ರಲ್ಲಿ ಶುರುವಾಯಿತು, ಆಮೇಲೆ ಗಾಂಧೀಜಿಯ ಹೆಸರು ಪಡೆಯಿತು. ಅದಾಗಿ ಹದಿನಾರು ವರ್ಷಕ್ಕೆ ಕೆಳಗಡೆ ಲಿಂಗನಮಕ್ಕಿ ಎದ್ದಿತು, ಹಿಂದಕ್ಕೆ ಒತ್ತಿದ ನೀರು ಊರುಗಳ ಜೊತೆಗೆ ಈ ಅಣೆಕಟ್ಟೆಯನ್ನೂ ಮುಳುಗಿಸಿತು. ಈಗ ಅದು ಕಾಣುವುದು ನೀರು ಚೆನ್ನಾಗಿ ಇಳಿದ ಬೇಸಿಗೆಗಳಲ್ಲಿ ಮಾತ್ರ.

ಕೆಂಪು ಧೂಳಿನ ಬಯಲಿನಲ್ಲಿ ನಡೆಯುತ್ತಾ ಹೋದಂತೆ ಕಲ್ಲಿನ ಕಟ್ಟಡ ದೊಡ್ಡದಾಗುತ್ತಾ ಬಂತು. ವರ್ಷದ ಬಹುಪಾಲು ನೀರಿನಲ್ಲೇ ಇದ್ದರೂ ಗೋಡೆ ಗಟ್ಟಿಯಾಗಿಯೇ ಇದೆ. ಗೋಡೆಯ ಒಂದು ಕಡೆ ದೈತ್ಯ ಆಲಿಕೆಗಳ ಸಾಲು, ಇವು ಸೈಫನ್‌ಗಳು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಕಲ್ಪನೆ. ಗೇಟ್ ಎತ್ತುವವರು ಬೇಕಿಲ್ಲ, ಯಂತ್ರ ಬೇಕಿಲ್ಲ. ಜಲಾಶಯ ತುಂಬಿ ನೀರು ಅಂಚು ಮೀರಿದಾಗ ಆಲಿಕೆಯ ಬಾಯಿಂದ ಸುರುಳಿ ಸುತ್ತುತ್ತಾ ಒಳಗಿಳಿದು, ಕೊಳವೆಯ ಗಾಳಿಯನ್ನು ಹೊರಗೆಳೆದು, ತನ್ನ ಒತ್ತಡದಿಂದಲೇ ಪೂರ್ತಿ ಹರಿಯತೊಡಗುತ್ತದೆ. ಮಟ್ಟ ಇಳಿದ ಮೇಲೆ ಗಾಳಿ ಒಳನುಗ್ಗಿ ಹರಿವು ತಾನೇ ನಿಲ್ಲುತ್ತದೆ. ಭಾವ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೀಚಿ ಇದನ್ನೆಲ್ಲ ಮಕ್ಕಳಿಗೆ ತಿಳಿಸಿಕೊಟ್ಟರು. ನಾನೂ ಮಕ್ಕಳ ಜೊತೆ ಕೂತು ಕೇಳಿದೆ. ಅಷ್ಟು ಚಂದದ ಬುದ್ಧಿಯ ಕೆಲಸ ಒಂದೂವರೆ ದಶಕವಷ್ಟೇ ನಡೆದು ನೀರಿನೊಳಗೆ ಹೋಯಿತಲ್ಲ ಎಂದು ಮನಸ್ಸಿಗೆ ಬಹಳ ಹಿಡಿಯಿತು. ಅಣೆಕಟ್ಟೆಯ ಮೇಲೆ ಕೂತು ಚಿತ್ರಾನ್ನ ತಿಂದೆವು. ಊರು ಮುಳುಗಿದವರ ಮಗ ಅಣೆಕಟ್ಟಿದವರ ಜಾಣ್ಮೆಯನ್ನು ಅಷ್ಟು ಪ್ರೀತಿಯಿಂದ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಸಿಟ್ಟೂ ಮೆಚ್ಚುಗೆಯೂ ಒಟ್ಟಿಗೇ ಇರಬಹುದೆಂದು ಅವರನ್ನು ನೋಡಿ ನನಗೆ ತಿಳಿಯಿತು.

ಮುಳುಗಡೆಯ ಕಥೆಯನ್ನು ಕನ್ನಡಕ್ಕೆ ತಂದವರು ಸಾಗರದವರೇ ಆದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲ ಬಂತು. ನಾವೆಲ್ಲ ಅದನ್ನು ಅಕ್ಕನ ಮನೆಯ ಟೀವಿಯಲ್ಲೇ ನೋಡಿದೆವು. ಸೌಂದರ್ಯ ಅಭಿನಯಿಸಿದ ನಾಗಿ ಏರುವ ನೀರಿನ ಎದುರು ಒಬ್ಬಳೇ ದನಕರು, ಗಂಡ, ಮನೆ ಎಲ್ಲವನ್ನೂ ಹಿಡಿದು ನಿಲ್ಲುವುದನ್ನು ಅತ್ತೆ ಕಣ್ಣು ಕೀಳದೆ ನೋಡಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮ ಅಬ್ಬೆ ಹೀಗೇ ಇದ್ದಳು" ಎಂದಷ್ಟೇ ಹೇಳಿ ದನ ಕಟ್ಟಲು ಎದ್ದರು. 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ಅತ್ತೆಗೆ.

ಬೆಟ್ಟದ ಮಾತು ಹೇಳದಿದ್ದರೆ ಈ ನೀರಿನ ಮಾತು ಅರ್ಧವಾಗುತ್ತದೆ. ದಡದಲ್ಲಿ ಕೂತರೆ ದಕ್ಷಿಣಕ್ಕೆ ಕೊಡಚಾದ್ರಿ ಕಾಣುತ್ತದೆ, 1343 ಮೀಟರ್ ಎತ್ತರ. ನಿಟ್ಟೂರಿನ ಕಡೆಯಿಂದ ಜೀಪಿನಲ್ಲಿ ಹೋಗಬಹುದು. ಆ ದಾರಿಯಲ್ಲಿ ಜೀಪು ಎತ್ತಿಹಾಕುವ ಪರಿಗೆ ಸೊಂಟ ನೆಟ್ಟಗಿದ್ದವರು ಮಾತ್ರ ಹತ್ತುವುದು ಒಳ್ಳೆಯದು. ನಾವು ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದೇ ಹತ್ತಿದೆವು. ಉಂಬಳಗಳಿಗೆಂದು ಸುಣ್ಣ, ಹೊಗೆಸೊಪ್ಪು ಕಟ್ಟಿಕೊಂಡಿದ್ದರೂ ಕಾಲೆಲ್ಲ ರಕ್ತ. ಮೇಲೆ ಮೂಲ ಮೂಕಾಂಬಿಕೆಯ ಗುಡಿ, ಅದರಿಂದ ಇನ್ನೂ ಏರಿದರೆ ಶಂಕರಾಚಾರ್ಯರ ಹೆಸರಿನೊಂದಿಗೆ ಸೇರಿಕೊಂಡ ಸರ್ವಜ್ಞಪೀಠದ ಕಲ್ಲುಮಂಟಪ. ಕಣಿವೆಗಳಲ್ಲಿ ಶೋಲಾ ಕಾಡು, ಬೋಳು ನೆತ್ತಿಯಲ್ಲಿ ಹುಲ್ಲು. ಒಂದು ಕಡೆ ಘಟ್ಟ ಕಡಿದು ಬಿದ್ದು ಕರಾವಳಿ, ಇನ್ನೊಂದು ಕಡೆ ನಾನು ಇಷ್ಟು ವರ್ಷ ದಡದಿಂದ ನೋಡಿದ ಹಿನ್ನೀರು. ಮೇಲಿನಿಂದ ನೋಡಿದಾಗಲೇ ಅದು ಎಷ್ಟು ಕವಲೊಡೆದು ಎಷ್ಟು ಕಣಿವೆಗಳಿಗೆ ನುಗ್ಗಿದೆ ಎಂದು ತಿಳಿದದ್ದು. ಭಾವ ಪಕ್ಕದಲ್ಲಿ ನಿಂತು ಹುಡುಕಿ ಹುಡುಕಿ ನಮ್ಮ ಮನೆಯ ಗುಡ್ಡವನ್ನು ತೋರಿಸಿದರು.

ನೀರಿನ ಆಟ ಬೇಕೆನ್ನುವವರು ತಾಳಗುಪ್ಪದ ಕಡೆಯಿಂದ ಹೊನ್ನೆಮರಡುವಿಗೆ ಹೋಗುತ್ತಾರೆ. ಲೈಫ್ ಜಾಕೆಟ್ ತೊಟ್ಟು ಹುಟ್ಟು ಹಾಕುವುದನ್ನು ನಾನು ಕಲಿತದ್ದೂ ಅಲ್ಲಿಯೇ. ಆದರೆ ಎಲ್ಲೆಂದರಲ್ಲಿ ಈ ನೀರಿಗೆ ಇಳಿಯಬಾರದು. ಮೇಲೆ ತಿಳಿಯಾಗಿ ಕಂಡರೂ ಒಳಗೆ ಬೊಡ್ಡೆ, ಹಳೆಯ ಬಾವಿ, ಕೆಸರು ಇವೆ, ದಡ ಒಂದೇ ಹೆಜ್ಜೆಗೆ ಆಳಕ್ಕೆ ಜಾರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಭಾವ ಗೊತ್ತಿಲ್ಲದ ಜಾಗದಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಹೋದದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನಿಂದ ಬಂದು ಕಾರಿನ ಬಾಗಿಲು ತೆರೆದಿಟ್ಟು ಹಾಡು ಹಾಕಿ ನೇರ ನೀರಿಗೆ ಹಾರುವ ಹುಡುಗರನ್ನು ನೋಡಿದರೆ ಅವರ ತಾಯಂದಿರ ನೆನಪಾಗಿ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಇನ್ನು ಲಾಂಚಿನ ವಿಷಯ. 2025ರ ಜುಲೈ 14ರಂದು ಹೊಳೆಬಾಗಿಲಿನ ಕಡೆಯ ಅಂಬಾರಗೋಡ್ಲು ಮತ್ತು ಆಚೆ ದಡದ ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾಯಿತು. ಉದ್ದ ಎರಡು ಕಿಲೋಮೀಟರಿಗಿಂತ ಹೆಚ್ಚು, ಕೇಬಲ್‌ಗಳಲ್ಲಿ ತೂಗುಹಾಕಿದ ಸೇತುವೆ. ಬೆಂಗಳೂರಿನ ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಬೇಸರ. ಲಾಂಚ್ ಇಲ್ಲದೆ ಸಿಗಂದೂರಿನ ಮಜವೇ ಹೋಯಿತು ಎಂದರು. ಲಾಂಚ್ ಮೇಲೆ ನಿಂತು ನಾನು ಪಟ್ಟ ಸುಖ ಸಣ್ಣದಲ್ಲ. ಆದರೂ ಈ ಮಾತನ್ನು ನಾನು ಒಪ್ಪಲಾರೆ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಬೆಳಗಾಗುವ ತನಕ ಈ ಊರುಗಳು ಸಾಗರದಿಂದ ಕಡಿದುಹೋಗುತ್ತಿದ್ದವು. ಹೆರಿಗೆ ನೋವು ರಾತ್ರಿ ಬಂದರೆ, ಹಾವು ಕಚ್ಚಿದರೆ, ಎದೆನೋವು ಬಂದರೆ ಕೋಗಾರು, ಕಾರ್ಗಲ್ ಬಳಸಿ ಕತ್ತಲೆಯ ಘಟ್ಟದ ರಸ್ತೆಯಲ್ಲಿ ಹೋಗಬೇಕಿತ್ತು. ಅಕ್ಕ ಎರಡನೆಯ ಬಸುರಿಯಲ್ಲಿ ಏಳು ತಿಂಗಳು ತುಂಬುತ್ತಿದ್ದಂತೆ ಸಾಗರದ ನೆಂಟರ ಮನೆಗೆ ಬಂದು ಕೂತಳು, ಹೆರಿಗೆಯಾಗುವ ತನಕ ತನ್ನ ಮನೆ ಕಾಣಲಿಲ್ಲ. ಮಗ್ಗುಲ ಮನೆಯ ಹುಡುಗ ಕಾಲೇಜು ಬಿಟ್ಟದ್ದು ಲಾಂಚಿನ ಹೊತ್ತು ಹೊಂದದೆ. 2023ರ ಬೇಸಿಗೆಯ ಕೊನೆಗೆ ನೀರು ತೀರಾ ತಳಕ್ಕೆ ಹೋದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು. ನಮ್ಮ ರಜೆಯ ಅರ್ಧ ಗಂಟೆಯ ಸೊಗಸಿಗಾಗಿ ಅವರು ಇನ್ನೊಂದು ಅರವತ್ತು ವರ್ಷ ದಡದಲ್ಲಿ ಕಾಯಬೇಕೆನ್ನುವುದು ನ್ಯಾಯವಲ್ಲ.

ಸೇತುವೆಯಿಂದ ಕಾರುಗಳು ಹೆಚ್ಚಿವೆ, ಅದರ ಜೊತೆಗೆ ದಡದಲ್ಲಿ ಪ್ಲಾಸ್ಟಿಕ್ ಬಾಟಲಿಗಳೂ ಹೆಚ್ಚಿವೆ. ಮುಂಚೆ ಲಾಂಚಿಗೆ ಕಾಯುತ್ತಾ ಜನ ಚಹಾ ಕುಡಿಯುತ್ತಿದ್ದರು, ಮಂಡಕ್ಕಿ ತಿನ್ನುತ್ತಿದ್ದರು, ಅದರಿಂದ ಬದುಕುತ್ತಿದ್ದ ಹೊಳೆಬಾಗಿಲಿನ ಅಂಗಡಿಗಳವರಿಗೆ ಈಗ ಚಿಂತೆ. ಸಿಗಂದೂರಿನಲ್ಲಿ ಕೈಮುಗಿದು, ಸೇತುವೆಯ ಮೇಲೆ ಫೋಟೋ ಹೊಡೆದುಕೊಂಡು ಅದೇ ದಿನ ಹಿಂದಿರುಗುವವರಿಂದ ಈ ಊರುಗಳಿಗೆ ಬರುವುದು ಧೂಳು ಮಾತ್ರ. ಒಂದೆರಡು ರಾತ್ರಿ ಉಳಿದು, ಇಲ್ಲಿನ ಮನೆಗಳಲ್ಲೇ ಉಂಡು, ಇಲ್ಲಿನವರ ದೋಣಿ ಹತ್ತಿದರೆ ಅವರಿಗೂ ನಾಲ್ಕು ಕಾಸು, ಬಂದವರಿಗೂ ನಿಜವಾದ ನಿದ್ದೆ. ಅಕ್ಕ ಮತ್ತು ಭಾವ ಈಗ ಮೇಲಿನ ಎರಡು ಕೋಣೆಗಳನ್ನು ಸರಿಮಾಡಿಸುತ್ತಿದ್ದಾರೆ. ಬಂದವರಿಗೆ ಅಪ್ಪೆಹುಳಿ ಕೊಡಬೇಕೋ ಬೇಡವೋ ಎಂದು ಅಕ್ಕ ನನ್ನನ್ನು ಕೇಳಿದಳು. ಕೊಡು, ಜೊತೆಗೆ ಅತ್ತೆಯನ್ನು ಜಗಲಿಯಲ್ಲಿ ಕೂರಿಸು ಎಂದೆ.

ಕಳೆದ ಮಳೆಗಾಲ ಮುಗಿದ ಮೇಲೆ ಅಕ್ಕ ಒಂದು ಬೆಳಗ್ಗೆ ಫೋನ್ ಮಾಡಿದಳು. ದನಿಯಲ್ಲೇ ನಿದ್ದೆಗೆಟ್ಟದ್ದು ತಿಳಿಯುತ್ತಿತ್ತು. ಹಿಂದಿನ ಸಂಜೆ ಭಾವ, ಅತ್ತೆ, ಅವಳು ಮೂವರೂ ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ನಾಟಕ ನೋಡಿ ಬಂದಿದ್ದರು. ಹೆಗ್ಗೋಡು ಸಾಗರದ ಮಗ್ಗುಲಲ್ಲೇ ಇದೆ. ಮದುವೆಯಾಗಿ ಬಂದಂದಿನಿಂದ ಅಲ್ಲಿಯ ನಾಟಕಗಳ ಸುದ್ದಿ ಓದಿದ್ದಳು, ನೋಡಿರಲಿಲ್ಲ. ನಾಟಕ ಶುರುವಾಗುವುದು ಸಂಜೆ, ಮುಗಿಯುವ ಹೊತ್ತಿಗೆ ಲಾಂಚ್ ಇರುತ್ತಿರಲಿಲ್ಲ. ಈ ಸಲ ನಾಟಕ ಮುಗಿಸಿ, ಸಾಗರದಲ್ಲಿ ದೋಸೆ ತಿಂದು, ಹನ್ನೊಂದರ ಮೇಲೆ ಸೇತುವೆ ದಾಟಿ ಮನೆ ಸೇರಿದ್ದಾರೆ. "ಅತ್ತೆ ಏನಂದರು?" ಎಂದು ಕೇಳಿದೆ. ನಾಟಕದ ರಾಜನ ಪಾತ್ರ ಅವರಿಗೆ ಹಿಡಿಸಲಿಲ್ಲವಂತೆ. ಮುಂದಿನ ನಾಟಕ ಯಾವಾಗ ಎಂದು ಬೆಳಗ್ಗೆಯೇ ಭಾವನ ಹತ್ತಿರ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದಾರಂತೆ.